ಭಾವನ ‘ತಿನ್ನಬೇಡ’

ನನ್ನ ಭಾವ ಒಂದು ಮಾತನ್ನೂ ನೆಟ್ಟಗೆ ಆಡಿದವನಲ್ಲ. ಸುಳ್ಳುಗಾರ ಎಂದು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಎಲ್ಲವನ್ನೂ ತಿರುಗಿಸಿ ಹೇಳುವುದು ಅವನ ಚಾಳಿ. ಕುದಿಯುವ ಟೀ ಕೊಟ್ಟರೆ ಒಂದು ಗುಟುಕು ಹೀರಿ, “ಅಬ್ಬಾ, ಐಸು ಕಣೇ, ಹಲ್ಲೆಲ್ಲ ಜುಂ ಅಂತು” ಎನ್ನುತ್ತಾನೆ. ಬಾಯಿ ಮುಚ್ಚಲು ಬಾರದ ನನಗೆ ‘ಮೌನಗೌರಿ’ ಎಂದು ಹೆಸರಿಟ್ಟವನು ಅವನೇ. ಕಡ್ಡಿಯಂತಿದ್ದ ಮಗಳು ‘ಗುಂಡಮ್ಮ’. ನಮ್ಮ ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕಾದ ಅಳಿಯ ‘ಗಿಡ್ಡಪ್ಪ’. ಹೇಳಿದ ಮೇಲೆ ಓರೆಗಣ್ಣಿನಲ್ಲಿ ನಮ್ಮನ್ನು ನೋಡುತ್ತಾನೆ, ನಕ್ಕೆವೋ ಇಲ್ಲವೋ ಎಂದು. ನಗದಿದ್ದರೆ ಅದನ್ನೇ ಇನ್ನೊಂದು ಸಲ ಹೇಳುತ್ತಾನೆ. ಹಾಗಾಗಿ ಮೊದಲ ಸಲವೇ ನಕ್ಕುಬಿಡುವುದು ಎಲ್ಲರಿಗೂ ಕ್ಷೇಮ.

ಏಕವಚನದಲ್ಲಿ ಮಾತಾಡುತ್ತಿದ್ದೇನೆ ಎಂದು ಹುಬ್ಬೇರಿಸಬೇಡಿ. ಅಕ್ಕನ ಮದುವೆಯಲ್ಲಿ ನಾನಿನ್ನೂ ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದೆ. ಅವನ ಹೆಗಲ ಮೇಲೆ ಕೂತು ಬೆಳೆದವಳು ನಾನು. ಆಮೇಲೆ ನನಗೆ ಮದುವೆಯ ಗೋಜು ಬೇಡವೆನಿಸಿತು, ಅವರ ಮನೆಯಲ್ಲೇ ಉಳಿದೆ. ಮಹಡಿಯ ಮೇಲೆ ಮೂರು ಕೋಣೆ. ಬೀದಿ ಕಡೆಯ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ನಡುವೆ ಅಡುಗೆಮನೆ, ಹಿಂದೆ ಅವರಿಬ್ಬರ ಕೋಣೆ. ಕಿಟಕಿ ತೆಗೆದರೆ ದೋಣಿ ರಿಪೇರಿ ಮಾಡುವ ಅಂಗಳ ಕಾಣುತ್ತದೆ. ಭಾವ ಅಲ್ಲಿ ವೆಲ್ಡರ್. ಕರಿ ಕನ್ನಡಕ ಹಾಕಿಕೊಂಡು ಯಾವುದೋ ದೋಣಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಕಿಡಿ ಹಾರಿಸುತ್ತಿರುತ್ತಾನೆ. ಅವನ ಅಂಗಿಗಳಿಗೆಲ್ಲ ಕಿಡಿ ಬಿದ್ದ ತೂತು, ತೂತಿಗೆಲ್ಲ ನನ್ನ ತೇಪೆ.

ಈ ಉಲ್ಟಾ ಮಾತು ಶುರುವಾದದ್ದು ಗುಂಡಮ್ಮನ ಊಟದಿಂದ. ಮಗುವಾಗಿದ್ದಾಗ ಅವಳು ತುತ್ತನ್ನು ಕೆನ್ನೆಯೊಳಗಿಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದಳು. ಅಕ್ಕ ಕಾಡಿ, ಬೇಡಿ, ಗದರಿ, ಕೊನೆಗೆ ತಾನೇ ಅತ್ತುಬಿಡುತ್ತಿದ್ದಳು. ಒಂದು ದಿನ ಕೆಲಸದಿಂದ ಬಂದ ಭಾವ ಮಗುವಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. “ತಿನ್ನಬೇಡ, ನೋಡು. ಇದು ನಂದು. ಮುಟ್ಟಿದ್ರೆ ಜೋಕೆ. ತಿನ್ನಲೇಬೇಡ!” ಎಂದ. ಮಗು ‘ಆ’ ಎಂದು ಬಾಯಿ ತೆರೆಯಿತು. ಇವನು ಅಳುವಂತೆ ನಟಿಸಿದ, ಅವಳು ಇನ್ನೊಂದು ತುತ್ತು ಕಸಿದು ತಿಂದಳು. ತಟ್ಟೆ ಖಾಲಿ. ಅಂದಿನಿಂದ ನಮ್ಮ ಮನೆಯಲ್ಲಿ ‘ತಿನ್ನಬೇಡ’ ಎಂದರೆ ತಿನ್ನು ಎಂದೇ ಅರ್ಥ. ಅವಳು ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಹೋದ ಮೇಲೂ ಇಲ್ಲಿಗೆ ಬಂದಾಗ ಅಪ್ಪ ‘ತಿನ್ನಬೇಡ’ ಎನ್ನುವವರೆಗೆ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ‘ತಿನ್ನು’ ಎಂಬ ಮಾತನ್ನು ಅವಳು ಅಪ್ಪನ ಬಾಯಲ್ಲಿ ಕೇಳಿಯೇ ಇರಲಿಲ್ಲ.

ಈಗ ಮೀನಿನ ವಿಷಯಕ್ಕೆ ಬರುತ್ತೇನೆ. ರಜೆ ಸಿಕ್ಕ ದಿನ ಭಾವ ಕಡಲಿಗೆ ಇಳಿಯುತ್ತಿದ್ದ. ಬಲೆಯಿಲ್ಲ, ಗಾಳವಿಲ್ಲ. ತಾನೇ ಮಾಡಿಕೊಂಡ ಒಂದು ಈಟಿಗೋವಿ: ಮರದ ಹಿಡಿ, ಎರಡು ದಪ್ಪ ರಬ್ಬರು, ಅವನೇ ಸಾಣೆ ಹಿಡಿದ ಉಕ್ಕಿನ ಸರಳು. ಜೊತೆಗೆ ಅವನ ಹಳೆಯ ಗೆಳೆಯ ದೋಣಿಯವನು. ಹೊರಡುವ ಮುನ್ನ ಭಾವ ಬೆರಳಿನ ಉಂಗುರ ಬಿಚ್ಚಿ ಅಕ್ಕನ ಕೈಗೆ ಕೊಡುತ್ತಿದ್ದ. ಹೊಳೆಯುವುದನ್ನು ಕಂಡರೆ ಬರಾಕುಡ ಮೀನು ಸಣ್ಣ ಮೀನೆಂದು ತಿಳಿದು ಹಾರಿ ಬಂದು ಕಚ್ಚುತ್ತದಂತೆ, ಬೆರಳು ಯಾರದೆಂದು ಕೇಳುವುದಿಲ್ಲವಂತೆ. ಅಕ್ಕ ಆ ಉಂಗುರವನ್ನು ತನ್ನ ಹೆಬ್ಬೆರಳಿಗೆ ಹಾಕಿಕೊಂಡು ಅಡುಗೆಮನೆ ಸೇರುತ್ತಿದ್ದಳು. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳುವ ತನಕ ಆ ಬೆರಳನ್ನು ತಿರುವುತ್ತಲೇ ಇರುತ್ತಿದ್ದಳು.

ಬರಾಕುಡದ ಬಾಯಿ ನೋಡಿದವರಿಗೆ ಅಕ್ಕನ ಭಯ ಅರ್ಥವಾಗುತ್ತದೆ. ಉದ್ದನೆಯ ದವಡೆ, ಒಂದೊಂದು ಹಲ್ಲೂ ನನ್ನ ಕತ್ತರಿಯ ತುದಿಯಷ್ಟು ಚೂಪು. ಬೀದಿಯವರೆಲ್ಲ ಅದನ್ನು ‘ಹಲ್ಲಪ್ಪ’ ಎನ್ನುತ್ತಾರೆ. ನಮ್ಮವನು ‘ಬೊಚ್ಚಪ್ಪ’ ಎನ್ನುತ್ತಾನೆ, ಬೇರೆ ಏನು ಅಂದಾನು!

ಒಮ್ಮೆ ಹಟ ಹಿಡಿದು ನಾನೂ ದೋಣಿಯಲ್ಲಿ ಹೋಗಿದ್ದೆ. ಭಾವ ನೀರಿನ ಮೇಲೆ ಬೋರಲು ಮಲಗಿ, ಕೊಳವೆಯಲ್ಲಿ ಉಸಿರಾಡುತ್ತ ಸುಮ್ಮನೆ ತೇಲುತ್ತಿದ್ದ. ನೋಡುತ್ತಿದ್ದ ಹಾಗೇ ಸೊಂಟ ಬಗ್ಗಿಸಿ ಒಳಗೆ ಹೋದ. ನಾನೂ ಅವನ ಜೊತೆ ಉಸಿರು ಕಟ್ಟಿ ಕೂತೆ. ನನ್ನ ಉಸಿರು ಮುಗಿಯಿತು, ಮತ್ತೊಂದು ಸಲ ಕಟ್ಟಿದೆ, ಅದೂ ಮುಗಿಯಿತು, ಇವನ ಸುಳಿವಿಲ್ಲ. ದೋಣಿಯವನ ತೋಳು ಹಿಡಿದು, “ರೀ, ಇಳೀರಿ, ನೋಡ್ರೀ!” ಎಂದು ಕಿರುಚಿದೆ. ಅವನು ಬಾಳೆಹಣ್ಣು ಸುಲಿಯುತ್ತ, “ಬರ್ತಾನೆ ಬಿಡಮ್ಮ, ಮಾತಾಡಿಸ್ತಾ ಇರ್ತಾನೆ ಅದನ್ನ” ಎಂದ. ಭಾವ ಮೇಲೆ ಬಂದಾಗ ನನಗೆ ಹೋದ ಜೀವ ಬಂದ ಹಾಗಾಯಿತು. ಕೈಗೆ ಸಿಕ್ಕ ಟವೆಲ್ಲನ್ನು ಅವನ ತಲೆಗೆ ಎಸೆದೆ.

“ಆ ಮೀನು ಹೆದರಿ ಓಡಲ್ಲ ಮೌನಗೌರಿ,” ಎಂದು ಅವನು ಅವತ್ತು ಹೇಳಿದ. “ಅದೇ ಹತ್ತಿರ ಬಂದು ನಮ್ಮನ್ನ ನೋಡುತ್ತೆ. ಬಾಯಿ ತೆಗೆಯುತ್ತೆ, ಮುಚ್ಚುತ್ತೆ, ತೆಗೆಯುತ್ತೆ, ಮುಚ್ಚುತ್ತೆ. ಥೇಟ್ ನಿನ್ನ ಹಾಗೇ. ಎದುರಿಗೆ ಇರೋವಾಗ ಹೊಡೀಬಾರದು. ಪಕ್ಕೆ ತೋರಿಸೋ ತನಕ ಕಾಯಬೇಕು. ಏಟು ತಪ್ಪಿ ಗಾಯ ಆಯ್ತೋ, ಸರಳಿನ ಸಮೇತ ನಮ್ಮ ಮೇಲೇ ತಿರುಗುತ್ತೆ.” ಮೀನಿನ ವಿಷಯಕ್ಕೆ ಬಂದರೆ ಅವನು ಸ್ವಲ್ಪ ಹೊತ್ತಾದರೂ ನೆಟ್ಟಗೆ ಮಾತಾಡುತ್ತಿದ್ದ.

ಹೊಡೆಯುವುದೇನೋ ಹೊಡೆದ. ತಿನ್ನಬಹುದೇ? ನಮ್ಮ ಬೀದಿಯ ದೊಡ್ಡ ಜಗಳ ಅದೇ. ಕೆಲವು ಬಂಡೆಗಳ ಮೇಲೆ ಪಾಚಿಯ ಜೊತೆ ಕಣ್ಣಿಗೆ ಕಾಣದ ವಿಷವೊಂದು ಬೆಳೆಯುತ್ತದೆ. ಸಣ್ಣ ಮೀನು ಪಾಚಿ ಮೇಯುತ್ತದೆ, ದೊಡ್ಡದು ಸಣ್ಣದನ್ನು ನುಂಗುತ್ತದೆ, ಬರಾಕುಡ ಎಲ್ಲವನ್ನೂ ನುಂಗುತ್ತದೆ. ಮೀನಿಗೆ ಏನೂ ಆಗುವುದಿಲ್ಲ. ವಿಷ ಅದರ ಮಾಂಸದಲ್ಲಿ ಸೇರಿಕೊಂಡು ತಿಂದವರಿಗಾಗಿ ಕಾಯುತ್ತದೆ. ವಾಸನೆಯಿಲ್ಲ, ರುಚಿ ಕೆಡುವುದಿಲ್ಲ. ಎಲ್ಲ ಮೀನಿನಲ್ಲೂ ಇರುವುದಿಲ್ಲ, ಯಾವುದರಲ್ಲಿದೆ ಎಂದು ತಿಳಿಯುವುದೂ ಇಲ್ಲ.

ತಿಳಿಯುತ್ತದೆ ಎನ್ನುವವರಿಗೆ ಮಾತ್ರ ನಮ್ಮಲ್ಲಿ ಬರವಿಲ್ಲ. ನೊಣ ಕೂರದ ಮೀನು ತಿನ್ನಬಾರದು ಎಂದು ಮೂಲೆಯ ಮೀನಿನವಳು. “ನೊಣ ಕಸದ ಬುಟ್ಟಿ ಮೇಲೂ ಕೂರುತ್ತೆ, ಅದನ್ನೂ ತಿಂತೀಯಾ?” ಎಂದು ಭಾವ. ಬೆಳ್ಳಿ ನಾಣ್ಯ ಹಾಕಿ ಬೇಯಿಸಿದರೆ ಕಪ್ಪಾಗುತ್ತದೆ ಎಂದು ಕೆಳಮನೆಯ ಅಜ್ಜಿ. ಬೆಕ್ಕಿಗೆ ಹಾಕಿ ನೋಡಿ ಎಂದು ದೋಣಿಯವನು. ಬೆಕ್ಕಿನ ಮಾತಿಗೆ ಭಾವನಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. “ಪಾಪದ ಪ್ರಾಣಿ, ಕೈಕಾಲು ಜುಮ್ ಅಂದ್ರೆ ಅದು ಬಾಯಿ ಬಿಟ್ಟು ಹೇಳುತ್ತಾ? ಹೇಳೋಕೆ ಬಾಯಿರೋ ನಾನಿದೀನಲ್ಲ” ಎನ್ನುತ್ತಿದ್ದ.

ಇದೇ ಅವನ ಪದ್ಧತಿ. ಎರಡು ನಿಯಮ. ಒಂದು, ತನ್ನ ತೋಳಿಗಿಂತ ಉದ್ದದ ಬರಾಕುಡವನ್ನು ಹೊಡೆಯುವುದಿಲ್ಲ, ಏಕೆಂದರೆ ಮೀನು ದೊಡ್ಡದಾದಷ್ಟೂ ಅದು ನುಂಗಿದ್ದು ಹೆಚ್ಚು. ಎರಡು, ಹೊಡೆದದ್ದನ್ನು ಮೊದಲು ತಾನೊಬ್ಬನೇ ತಿನ್ನುತ್ತಾನೆ. ಮರುದಿನ ಮಧ್ಯಾಹ್ನದವರೆಗೂ ತಾನು ನೆಟ್ಟಗಿದ್ದರೆ ಮಾತ್ರ ಮನೆಯವರ ತಟ್ಟೆಗೆ. ಬೀದಿಯವರೂ ಕೈಚೀಲ ಹಿಡಿದು ಮೆಟ್ಟಿಲ ಕೆಳಗೆ ನಿಂತು, “ಹೇಗಿದೀರಪ್ಪಾ ಇವತ್ತು?” ಎಂದು ಅಕ್ಕರೆಯಿಂದ ಕೇಳುತ್ತಿದ್ದರು. ಅಕ್ಕರೆ ಮೀನಿನ ಮೇಲೆ, ನನಗೆ ಗೊತ್ತಿಲ್ಲವೇ? ಬಾಯಿಗೆ ಬಂದದ್ದು ಅಂದು ಕಳಿಸುತ್ತಿದ್ದೆ. ಅಕ್ಕ ಮಾತ್ರ ಭಾವ ಒಬ್ಬನೇ ಕೂತು ತಿನ್ನುವಾಗ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ. ನನ್ನ ಯಂತ್ರದ ಪಕ್ಕ ಬಂದು ಕೂತು ಸುಮ್ಮನೆ ಗುಂಡಿ ಹಚ್ಚುತ್ತಿದ್ದಳು.

ಅಷ್ಟು ವರ್ಷ ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಕೇಡಾಯಿತು ಎಂದು ಈಗ ಅನಿಸುತ್ತದೆ. ಏನೂ ಆಗದೆ ಇದ್ದಷ್ಟೂ ಅದೃಷ್ಟವನ್ನು ಜಾಣತನ ಎಂದುಕೊಳ್ಳುತ್ತೇವೆ.

ಆ ವರ್ಷ ಗುಂಡಮ್ಮ ಮತ್ತೆ ಬಸುರಾದಳು. ಮತ್ತೆ ಎಂದೆ, ಏಕೆಂದರೆ ಹಿಂದೆ ಎರಡು ಸಲ ಗರ್ಭ ನಿಲ್ಲದೆ ಹೋಗಿತ್ತು. ಎರಡನೆಯ ಸಲ ಅವಳು ಆಸ್ಪತ್ರೆಯಿಂದ ಬಂದು ನನ್ನ ಹೊಲಿಗೆ ಕೋಣೆಯಲ್ಲೇ ಮಲಗಿದ್ದಳು, ಯಾರ ಜೊತೆಗೂ ಮಾತಿಲ್ಲ. ನಾನು ಯಂತ್ರ ತುಳಿಯದೆ ಕೈಯಲ್ಲೇ ಹೊಲಿದೆ, ಸದ್ದಾಗಬಾರದೆಂದು. ಈ ಸಲ ಮಗು ಗಟ್ಟಿಯಾಗಿ ನಿಂತಿತ್ತು, ಆದರೆ ತಾಯಿಗೆ ಏನು ತಿಂದರೂ ವಾಂತಿ. ಅನ್ನ ಸೇರದು, ಹಾಲು ಸೇರದು, ಹಣ್ಣಿನ ವಾಸನೆಗೂ ಓಕರಿಕೆ. ಮೊದಲೇ ಕಡ್ಡಿ, ಈಗ ಕೆನ್ನೆ ಒಳಗೆ ಹೋಗಿ ಕಣ್ಣು ಮಾತ್ರ ಉಳಿದಿತ್ತು. ತೂಕ ಹೀಗೇ ಇಳಿದರೆ ಕಷ್ಟ ಎಂದು ಅವರ ಊರಿನ ಡಾಕ್ಟರು ಹೇಳಿದ್ದರಂತೆ. ಅವಳೇ ಫೋನ್ ಮಾಡಿದಳು. “ಚಿಕ್ಕಮ್ಮಾ, ನಗಬೇಡ. ಅಪ್ಪ ಹೊಡೆದ ಮೀನು ನೆನೆಸ್ಕೊಂಡ್ರೆ ಮಾತ್ರ ಬಾಯಲ್ಲಿ ನೀರು ಬರುತ್ತೆ. ಈ ವಾರ ಬರ್ತೀವಿ.”

ಭಾವನಿಗೆ ಹೇಳಿದ್ದೇ ತಡ, ಅಂಗಳಕ್ಕೆ ರಜೆ ಹಾಕಿ ದಿನಾ ಕಡಲಿಗಿಳಿದ. ನೀರು ಕಲಕಿ ಮಣ್ಣಾಗಿತ್ತು. ಬೆಳಿಗ್ಗೆ ಹೋದವನು ಬರಿಗೈಯಲ್ಲಿ ಬಂದು, “ಇವತ್ತು ಮೀನು ತುಂಬಿ ದೋಣಿ ಮುಳುಗ್ತಿತ್ತು” ಎನ್ನುವನು. ನಗುವ ಮನಸ್ಸು ಯಾರಿಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ಇನ್ನೇನು ಮಗಳು ಅಳಿಯ ಮರುದಿನ ಬರಬೇಕು, ಅಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿತು. ಅಡುಗೆಮನೆಯ ಕಲ್ಲಿನ ಮೇಲೆ ಒದ್ದೆ ಗೋಣಿ ಬಿಚ್ಚಿದ. ಬರಾಕುಡದ ಬಾಲ ಕಲ್ಲಿನಿಂದಾಚೆ ಇಳಿಬಿದ್ದಿತ್ತು.

“ಇದೇನು ಭಾವ, ಇಷ್ಟುದ್ದ?” ಎಂದೆ.

“ಎಲ್ಲಿ ಉದ್ದ? ಮರಿ ಅದು. ತೋಳಷ್ಟೇ ಇದೆ, ನೋಡು.” ಮೀನಿನ ಪಕ್ಕಕ್ಕೆ ತೋಳು ಚಾಚಿದ. ಬೆರಳ ತುದಿ ಬಾಲಕ್ಕೆ ಸರಿಯಾಗಿ ಮುಟ್ಟಿತ್ತು. ಆದರೆ ನಾನು ಬಟ್ಟೆ ಅಳೆಯುವವಳು, ಅಳತೆ ಎಲ್ಲಿಂದ ಶುರುವಾಯಿತು ಎಂದು ನೋಡದೆ ಬಿಡುತ್ತೇನೆಯೇ? ಮೀನಿನ ಮೂತಿ ಅವನ ಕುತ್ತಿಗೆಯ ಹತ್ತಿರವಿತ್ತು.

“ತೋಳು ಭುಜದಿಂದ ಶುರು ಆಗುತ್ತೆ. ಕಿವಿಯಿಂದ ಅಲ್ಲ.”

“ನೀರೊಳಗೆ ಎಲ್ಲಾ ದೊಡ್ಡದಾಗಿ ಕಾಣುತ್ತೆ ಕಣೇ. ಒಂದು ಪಾಲು ಕಳೆದು ಲೆಕ್ಕ ಹಾಕ್ತೀನಿ. ಇವತ್ತು ಸ್ವಲ್ಪ ಜಾಸ್ತಿ ಕಳೆದೆ ಅಂತ ಕಾಣುತ್ತೆ.”

“ಬೇಡ. ಎಸೆದುಬಿಡು.”

ಅವನು ಕೈ ಒರೆಸಿಕೊಂಡ. “ಅವಳು ಬಾಯಿ ಬಿಟ್ಟು ಕೇಳಿರೋದು ಇದೊಂದನ್ನ,” ಎಂದ. “ಹೊಟ್ಟೇಲಿ ನಿಲ್ಲೋದು ಇದೊಂದೇ ಅಂದ್ರೆ ಏನು ಮಾಡ್ಲಿ? ಮೊದಲು ನಾನು ತಿಂತೀನಲ್ಲ. ನಾಳೆ ಊಟದ ಹೊತ್ತಿಗೆ ಗೊತ್ತಾಗುತ್ತೆ. ನನಗೇನೂ ಆಗದಿದ್ರೆ ಅವಳಿಗೆ, ಆದ್ರೆ ಮೋರಿಗೆ.” ಅಕ್ಕ ಬಾಗಿಲಲ್ಲಿ ನಿಂತು ಹೆಬ್ಬೆರಳಿನ ಉಂಗುರ ತಿರುವುತ್ತಿದ್ದಳು. ಇನ್ನೂ ವಾಪಸು ಕೊಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಭಾವ ಹುರಿದ ತುಂಡು ತಿಂದ. ಬೇಕೆಂದೇ ದೊಡ್ಡ ತುಂಡು. ಉಳಿದದ್ದು ಫ್ರಿಜ್ಜಿಗೆ ಹೋಯಿತು.

ಮರುದಿನ ಎದ್ದವನು ಮೆಟ್ಟಿಲು ಇಳಿದು ಹತ್ತಿ ತೋರಿಸಿದ, ತೋಳು ಮಡಚಿ ಮಾಂಸಖಂಡ ತೋರಿಸಿದ. “ಪರೀಕ್ಷೆ ಪಾಸ್!” ಎಂದ. ಬೆಳಗಿನ ಜಾವ ಅವನ ಹೊಟ್ಟೆ ಕೆಟ್ಟಿದ್ದು, ತುಟಿಯ ಸುತ್ತ ಇರುವೆ ಹರಿದ ಹಾಗೆ ಆಗಿದ್ದು ಆಮೇಲೆ ನಮಗೆ ಗೊತ್ತಾಯಿತು. ಹೊಟ್ಟೆಗೆ ಹಿಂದಿನ ದಿನ ಕುಡಿದ ಉಪ್ಪುನೀರು ಕಾರಣ ಅಂದುಕೊಂಡನಂತೆ. ತುಟಿಗೆ ಮೆಣಸು ಕಾರಣ ಅಂದುಕೊಂಡನಂತೆ. ಮುಚ್ಚಿಡಲಿಲ್ಲ, ನಿಜವಾಗಿ ಹಾಗೇ ಅಂದುಕೊಂಡ. ಬೇರೆಯವರಿಗಾಗಿ ಮೀನು ತಿಂದಾಗ ಅವನು ತನ್ನ ಹೊಟ್ಟೆಯ ಪ್ರತಿ ಗುಡುಗುಡಿಗೂ ಕಿವಿಗೊಡುತ್ತಿದ್ದ. ಈ ಸಲ ಕಿವಿ ಬೀದಿಯ ತುದಿಯ ಮೇಲಿತ್ತು, ಮಗಳು ಬಂದಳೇ ಎಂದು.

ಅವರು ಬಂದದ್ದು ಊಟದ ಹೊತ್ತಿಗೆ. ಅಳಿಯ ಬಸ್ ಓಡಿಸುವವನು, ಮಾತು ಕಡಿಮೆ, ಹೆಂಡತಿಯನ್ನು ಗಾಜಿನ ಸಾಮಾನಿನ ಹಾಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದ. ಗುಂಡಮ್ಮ ಇನ್ನೂ ಸೊರಗಿದ್ದಳು. ಆದರೆ ಹುರಿದ ಮೀನಿನ ಪರಿಮಳಕ್ಕೆ ಅವಳ ಮುಖ ಅರಳಿತು. ಎಷ್ಟೋ ದಿನದ ಮೇಲೆ ಒಂದು ವಾಸನೆಗೆ ಅವಳು ಬಾಯಿ ಮುಚ್ಚಿಕೊಂಡು ಓಡದೆ ಹತ್ತಿರ ಬಂದಿದ್ದಳು. ಅಕ್ಕ ಕಣ್ಣೊರೆಸಿಕೊಂಡಳು. ನೆಲದ ಮೇಲೆ ಚಾಪೆ ಹಾಸಿ ಎಲ್ಲರೂ ಕೂತೆವು. ಅಳಿಯ ಮಾತ್ರ ಮೆಲ್ಲಗೆ, “ಮಾವ, ದೊಡ್ಡ ಮೀನಿದ್ದ ಹಾಗಿದೆ. ಪರವಾಗಿಲ್ವಾ?” ಎಂದು ಕೇಳಿದ.

“ಗಿಡ್ಡಪ್ಪಾ, ನಾನು ಸತ್ತು ಹೆಣ ಆಗಿದೀನಿ, ಕಾಣ್ತಿಲ್ವಾ?” ಎಂದು ಭಾವ ಎದೆ ತಟ್ಟಿಕೊಂಡ. ಎಲ್ಲರೂ ನಕ್ಕೆವು. ಅಕ್ಕ ಫ್ರಿಜ್ಜಿನಿಂದ ನೀರಿನ ಬಾಟಲಿ ತಂದು ಭಾವನ ಲೋಟಕ್ಕೆ ಬಗ್ಗಿಸಿದಳು. ಗುಂಡಮ್ಮ ಮೀನು ಮುರಿದು, ಮುಳ್ಳು ತೆಗೆದು, ತುತ್ತು ಮಾಡಿ ಕೈಯಲ್ಲಿ ಹಿಡಿದು ಕಾದಳು. ಅಪ್ಪ ಹೇಳಬೇಕಲ್ಲ!

ಭಾವ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡವನು ಪುಸಕ್ಕನೆ ಉಗುಳಿದ. “ಅಯ್ಯೋ! ಸುಟ್ಟೋಯ್ತು! ನೀರು ಕುದೀತಾ ಇದೆ!”

ನಾವೆಲ್ಲ ಮತ್ತೆ ನಕ್ಕೆವು. ಗುಂಡಮ್ಮ ಬಿದ್ದು ಬಿದ್ದು ನಕ್ಕಳು. ಆದರೆ ಭಾವ ಓರೆಗಣ್ಣಿನಲ್ಲಿ ನಮ್ಮ ಕಡೆ ನೋಡಲಿಲ್ಲ. ಲೋಟವನ್ನು ನೋಡುತ್ತಿದ್ದ. ಎರಡು ಬೆರಳಿನಿಂದ ಅದನ್ನು ಮುಟ್ಟಿದ, ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಆ ರೋಗದ ಗುರುತು ಅದೇ ಎಂದು ಅವನಿಗೆ ಗೊತ್ತಿತ್ತು, ತಣ್ಣಗಿನದು ಸುಡುತ್ತದೆ. ನೋಡುನೋಡುತ್ತಿದ್ದಂತೆ ಅವನ ಮುಖದ ಬಣ್ಣ ಇಳಿಯಿತು. ತಲೆಯೆತ್ತಿ ಮಗಳ ಕೈಯಲ್ಲಿದ್ದ ತುತ್ತನ್ನು ನೋಡಿದ.

“ತಿನ್ನಬೇಡ,” ಎಂದ.

ಅವಳು ಕಾದದ್ದೇ ಆ ಮಾತಿಗೆ. ನಗುತ್ತ ಕೈ ಎತ್ತಿದಳು.

“ತಿನ್ನಬೇಡ, ಮಗಳೇ! ಬೇಡ! ನಿಜವಾಗ್ಲೂ ಹೇಳ್ತಿದೀನಿ, ತಿನ್ನಬೇಡ!”

‘ನಿಜವಾಗ್ಲೂ’ ಎಂಬುದನ್ನೂ ಅವನು ದಿನಾ ಹೇಳುತ್ತಿದ್ದವನೇ. ಅವನ ದನಿ ಏರಿದಷ್ಟೂ ಅವಳಿಗೆ ಆಟ ಹೆಚ್ಚಿತು. ಚಿಕ್ಕಂದಿನ ಹಾಗೆ ಬಾಯನ್ನು ದೊಡ್ಡದಾಗಿ ‘ಆ’ ಎಂದು ತೆರೆದಳು. ಭಾವ ಏಳಲು ಹೋದ, ಕಾಲಲ್ಲಿ ಶಕ್ತಿಯಿರಲಿಲ್ಲ, ಅಲ್ಲೇ ಕುಸಿದ. ಆ ಕೂಡಲೇ ಅವನ ಗಂಟಲಿನಿಂದ ನಾನು ಹಿಂದೆಂದೂ ಕೇಳದ ದನಿಯೊಂದು ಬಂತು.

“ತಿನ್ನು! ತಿನ್ನು, ಮಗಳೇ, ತಿನ್ನು!”

ಗುಂಡಮ್ಮನ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತು. ನಗು ಆರಿತು. ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಕೇಳದ ಮಾತು ಅದು. ಅವಳು ಅಪ್ಪನ ಮುಖ ನೋಡಿದಳು, ತುತ್ತನ್ನು ನೋಡಿದಳು, ಮೆಲ್ಲನೆ ತಟ್ಟೆಗೆ ಹಾಕಿದಳು. ಅಷ್ಟರಲ್ಲಿ ನಾನು ಎದ್ದಿದ್ದೆ. ಅವಳ ತಟ್ಟೆ, ಅಳಿಯನ ತಟ್ಟೆ, ಬಾಣಲೆ, ಎಲ್ಲವನ್ನೂ ಬಾಚಿ ಗೋಣಿಗೆ ಸುರಿದೆ. ಯಾರೂ ಒಂದು ಅಗುಳೂ ನುಂಗಿರಲಿಲ್ಲ. ಗುಂಡಮ್ಮನ ಬಾಯೊಳಗೆ ನಾನೇ ಬೆರಳು ಹಾಕಿ ನೋಡಿದೆ, ಅವಳು ಅಳುತ್ತ ನೋಡಗೊಟ್ಟಳು.

ಅಳಿಯ ಭಾವನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಇಳಿದ. ಆಸ್ಪತ್ರೆಯಲ್ಲಿ ಭಾವನ ನಾಡಿ ನಿಧಾನವಾಗಿತ್ತು, ಹಾಸಿಗೆಯ ಕಬ್ಬಿಣದ ಸರಳು ಮುಟ್ಟಿದರೂ ಸುಡುತ್ತದೆ ಎಂದು ಕೈ ಎಳೆದುಕೊಳ್ಳುತ್ತಿದ್ದ. ಡಾಕ್ಟರಮ್ಮ ಇಂಥ ರೋಗಿಗಳನ್ನು ಬೇಕಾದಷ್ಟು ನೋಡಿದವಳು. ಗಾಬರಿಯಾಗಲಿಲ್ಲ, ಗದರಲೂ ಇಲ್ಲ. ಇದಕ್ಕೆಂದೇ ಒಂದು ಮದ್ದಿಲ್ಲ, ದೇಹವೇ ನಿಧಾನವಾಗಿ ತೊಳೆದುಕೊಳ್ಳಬೇಕು, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಬೇಕು ಎಂದಳು. ಗುಂಡಮ್ಮ ತಿಂದಿದ್ದರೆ, ಎಂದು ಅಕ್ಕ ಕೇಳಿದಳು. ವಿಷ ಹೊಟ್ಟೆಯ ಮಗುವಿಗೂ ಹೋಗಬಹುದಿತ್ತು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು.

ಮಲಗಿದ್ದಲ್ಲಿಂದಲೇ ಭಾವ ತನ್ನ ಪರೀಕ್ಷೆಯ ಬಗ್ಗೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

“ಬೇಯಿಸಿದ್ರೂ ಹೋಗಲ್ಲ, ಫ್ರಿಜ್ಜಲ್ಲಿಟ್ರೂ ಹೋಗಲ್ಲ,” ಎಂದಳು. “ಒಂದೇ ಮೀನಿನ ಒಂದು ತುಂಡಲ್ಲಿ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ ಇರಬಹುದು. ನಿಮಗೆ ತಡವಾಗಿ ಗೊತ್ತಾಗಬಹುದು, ಗೊತ್ತೇ ಆಗದೆ ಇರಬಹುದು. ನೀವು ಮಾಡ್ತಾ ಇದ್ದದ್ದು ಪರೀಕ್ಷೆ ಅಲ್ಲ, ಜೂಜು. ನಿಮ್ಮ ಕಡೆಯ ಬಂಡೆಗಳ ಹತ್ತಿರದ ಬರಾಕುಡ ಚಿಕ್ಕದಿರಲಿ, ದೊಡ್ಡದಿರಲಿ, ತಿನ್ನಬೇಡಿ.”

“ನೀವು ತಿನ್ನಬೇಡಿ ಅಂದ್ರೆ ಜನ ತಿನ್ನಲ್ಲ. ಅದೃಷ್ಟವಂತರು ಕಣಮ್ಮ,” ಎಂದ ಭಾವ. ಅವಳಿಗೆ ಅರ್ಥವಾಗಲಿಲ್ಲ. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಮನೆಗೆ ಬಂದ ಮೇಲಿನ ದಿನಗಳು ಉದ್ದವಾಗಿದ್ದವು. ಮೈ ತುರಿಕೆ, ಕಾಲು ಸೋಲು, ನೀರು ಉಗುರುಬೆಚ್ಚಗಿದ್ದರೆ ಮಾತ್ರ ಕುಡಿಯಲು ಸಾಧ್ಯ. ಮೀನು ಮನೆಗೆ ಬರುವಂತಿಲ್ಲ, ಯಾವ ಮೀನು ತಿಂದರೂ ರೋಗ ಮರುಕಳಿಸಬಹುದೆಂದು ಡಾಕ್ಟರಮ್ಮ ಹೇಳಿದ್ದಳು. ಅದಕ್ಕಿಂತ ಹಿಂಸೆಯೆಂದರೆ ಭಾವ ನೆಟ್ಟಗೆ ಮಾತಾಡತೊಡಗಿದ್ದು. “ಟೀ ಬಿಸಿ ಇದೆ” ಎನ್ನುವನು. “ನಿನ್ನ ಗಲಾಟೆ ಸ್ವಲ್ಪ ಕಮ್ಮಿ ಮಾಡು” ಎನ್ನುವನು. ಮೌನಗೌರಿ ಎನ್ನದೆ ನನ್ನ ನಿಜವಾದ ಹೆಸರು ಹಿಡಿದು ಕರೆದ ದಿನ ಯಾರೋ ಪರಕೀಯ ಮನೆಗೆ ಬಂದಿದ್ದಾನೆ ಎನಿಸಿತು. ಹಗಲೆಲ್ಲ ನಾನು ಅವನ ಹತ್ತಿರ ಮಾತಾಡಿ ಮಾತಾಡಿ ಗಂಟಲು ಒಣಗಿಸಿಕೊಂಡೆ, ಒಂದು ಸಲವಾದರೂ ಆಡಿಕೊಳ್ಳಲಿ ಎಂದು. ಅವನು ಆಡಿಕೊಳ್ಳಲಿಲ್ಲ.

ಗುಂಡಮ್ಮನ ವಾಂತಿ ತಾನಾಗಿಯೇ ನಿಂತಿತು. ನಮ್ಮಲ್ಲೇ ಉಳಿದು ಗಂಜಿ, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಿಂದು ಚೇತರಿಸಿಕೊಂಡಳು. ಅವಳ ಹೊಟ್ಟೆ ಎದ್ದು ಕಾಣುವಷ್ಟು ದೊಡ್ಡದಾದ ಮೇಲೆ ಒಂದು ಸಂಜೆ ಎಲ್ಲರೂ ಅಡುಗೆಮನೆಯಲ್ಲಿದ್ದೆವು. ಅಕ್ಕ ಭಾವನಿಗೆ ಒಲೆಯಿಂದ ಇಳಿಸಿದ ಟೀ ಕೊಟ್ಟಳು. ಅವನು ಒಂದು ಗುಟುಕು ಹೀರಿದ.

“ಅಬ್ಬಾ, ಐಸು ಕಣೇ,” ಎಂದ.

ಅಕ್ಕನ ಕೈಯಲ್ಲಿದ್ದ ಪಾತ್ರೆ ಜಾರಿತು. ರೋಗ ತಿರುಗಿ ಬಂತೆಂದೇ ತಿಳಿದೆವು. ಯಾರೂ ನಗಲಿಲ್ಲ. ಭಾವ ಲೋಟವನ್ನು ಕೆಳಗಿಟ್ಟ, ತಲೆ ಬಗ್ಗಿಸಿದ, ಆಮೇಲೆ ಮೆಲ್ಲಗೆ ಓರೆಗಣ್ಣಿನಲ್ಲಿ ನನ್ನ ಕಡೆ ನೋಡಿದ. “ಹಲ್ಲೆಲ್ಲ ಜುಂ ಅಂತು,” ಎಂದು ಸೇರಿಸಿದ. ಅಕ್ಕ ಒದ್ದೆ ಬಟ್ಟೆಯನ್ನು ಅವನ ಮುಖಕ್ಕೆ ಎಸೆದು, “ನಿಮ್ಮ ಮನೆ ಹಾಳಾಗ!” ಎಂದು ಬೈದು, ಅಲ್ಲೇ ಕೂತು ಗೊಳೋ ಎಂದು ಅತ್ತಳು. ಅವಳ ಹೆಬ್ಬೆರಳಿನ ಉಂಗುರವನ್ನು ಅವನು ಅವತ್ತು ತಾನೇ ಬಿಚ್ಚಿ ತನ್ನ ಬೆರಳಿಗೆ ಹಾಕಿಕೊಂಡ. ಈಟಿಗೋವಿಯ ರಬ್ಬರುಗಳನ್ನು ನಾನು ಕತ್ತರಿಸಿ ನನ್ನ ಯಂತ್ರದ ಕಾಲಿಗೆ ಕಟ್ಟಿದ್ದೇನೆ. ಈಗ ಅದು ಅಷ್ಟು ಅಲ್ಲಾಡುವುದಿಲ್ಲ.

ಗುಂಡಮ್ಮನಿಗೆ ಹೆಣ್ಣುಮಗು. ನಿಜವಾಗಿಯೂ ಗುಂಡುಗುಂಡಗಿದೆ, ಭಾವ ಅದನ್ನು ‘ಕಡ್ಡಿ’ ಎನ್ನುತ್ತಾನೆ. ಮೊನ್ನೆ ಮಗು ಊಟಕ್ಕೆ ಹಟ ಮಾಡಿತು. ತಾಯಿಯಂತೆಯೇ ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿತು. ಗುಂಡಮ್ಮ ಸಾಕಾಗಿ, “ಅಪ್ಪಾ, ನಿನ್ನ ಮಂತ್ರ ಹಾಕು ಬಾ. ತಿನ್ನಬೇಡ ಅನ್ನು, ಬಾಯಿ ಬಿಡುತ್ತೆ” ಎಂದಳು.

ಭಾವ ಬಂದು ಮಗುವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳಲಿಲ್ಲ, ಮಗುವಿನ ಹತ್ತಿರಕ್ಕೆ ಸರಿಸಿದ.

“ಬೇರೆ ಎಲ್ಲಾ ಉಲ್ಟಾ ಹೇಳ್ತೀನಿ ಇದಕ್ಕೆ,” ಎಂದ. “ಆ ಒಂದು ಮಾತು ಬೇಡ. ನಾನು ಬೇಡ ಅಂದ್ರೆ ಬೇಡ ಅಂತಾನೇ ಕೇಳಿಸ್ಲಿ.”

ಗುಂಡಮ್ಮ ಅಪ್ಪನ ಭುಜಕ್ಕೆ ತಲೆಯಿಟ್ಟಳು. ಭಾವ ಸಣ್ಣ ತುತ್ತು ಮಾಡಿ ಮಗುವಿನ ಬಾಯಿಯ ಹತ್ತಿರ ಹಿಡಿದ. “ತಿನ್ನು, ಮಗು,” ಎಂದ. ಮಗು ಥೂ ಎಂದು ಅವನ ಅಂಗಿಯ ಮೇಲೆ ಉಗುಳಿತು, ನೇರ ನನ್ನ ತೇಪೆಯ ಮೇಲೆ. ಅವನು ಒರೆಸಿಕೊಂಡು ಇನ್ನೊಂದು ತುತ್ತು ಮಾಡಿದ.

“ತಿನ್ನು,” ಎಂದ.